ನದಿಗೂ ಮನುಷ್ಯನಿಗೂ ಒಂದೇ ಹೆಸರು: ಗ್ರೀಕರಲ್ಲಿ ಹೇಗಿತ್ತು?

ಪ್ರಶ್ನೆ (ಕಾರವಾರ): ನಮ್ಮ ಜಿಲ್ಲೆಯಲ್ಲಿ ಶರಾವತಿ, ಗಂಗೆ ಎಂದು ಹೆಣ್ಣುಮಕ್ಕಳಿಗೆ ಹೆಸರಿಡುವಂತೆ ಪ್ರಾಚೀನ ಗ್ರೀಕರೂ ನದಿಯ ಹೆಸರನ್ನು ಮನುಷ್ಯರಿಗೆ ಇಡುತ್ತಿದ್ದರೇ? ಸ್ಮಾರಕಗಳ ಸಂಗತಿ ಏನು?

ಉತ್ತರ (ಶಿರಸಿ): ಇಡುತ್ತಿದ್ದರು. ಆದರೆ ಅವರ ನದಿಗಳು ಬಹುಪಾಲು ಗಂಡು ದೇವತೆಗಳಾದ್ದರಿಂದ ಹೆಸರು ಹೆಚ್ಚಾಗಿ ಗಂಡಸರಿಗೆ ಹೋಗುತ್ತಿತ್ತು. ಅಥೆನ್ಸಿನ ಪಕ್ಕದಲ್ಲಿ ಹರಿಯುವ ಕೆಫಿಸೋಸ್ ನದಿಯಿಂದ ಕೆಫಿಸೊಡೋಟಸ್, ಅಂದರೆ ‘ಕೆಫಿಸೋಸ್ ಕೊಟ್ಟವನು’ ಎಂಬ ಹೆಸರು ಬಂತು. ನಮ್ಮ ಗಂಗಾದತ್ತನ ಜಾಯಮಾನದ್ದೇ. ಶಾಂತಿದೇವತೆಯು ಸಂಪತ್ತೆಂಬ ಮಗುವನ್ನು ತೋಳಿನಲ್ಲಿ ಎತ್ತಿಕೊಂಡಿರುವ ಪ್ರಸಿದ್ಧ ವಿಗ್ರಹವನ್ನು ರೂಪಿಸಿದ ಶಿಲ್ಪಿಯ ಹೆಸರು ಅದೇ. ಗ್ರೀಸಿನದೇ ಬಿಯೋಷಿಯಾ ಪ್ರಾಂತ್ಯದಲ್ಲಿ ಇನ್ನೊಂದು ಕೆಫಿಸೋಸ್ ಇದೆ, ನಮ್ಮ ಕಾಳಿಯಂತೆ ಉತ್ತರಾಖಂಡದಲ್ಲೂ ಒಂದು ಕಾಳಿ ಇರುವ ಹಾಗೆ.

ಉತ್ತರ (ಕುಮಟಾ): ನದಿ, ಮನುಷ್ಯ, ಸ್ಮಾರಕ ಈ ಮೂರಕ್ಕೂ ಸೇರಿದ ಹೆಸರೆಂದರೆ ಮೌಸೋಲಸ್. ಕ್ರಿ.ಪೂ. 353ರಲ್ಲಿ ತೀರಿಕೊಂಡ ಈತ ಇಂದಿನ ಟರ್ಕಿಯಲ್ಲಿದ್ದ ಕೇರಿಯಾ ಎಂಬ ನಾಡಿನ ಅರಸ; ಅವನಿಗೆ ಅಲ್ಲಿನ ಹ್ಯಾಲಿಕರ್ನಾಸಸ್ಸಿನಲ್ಲಿ ಎದ್ದ ಗೋರಿಯಿಂದಲೇ ಭವ್ಯ ಗೋರಿಗೆ ಹೇಳುವ ‘ಮೌಸೋಲಿಯಂ’ ಎಂಬ ಪದ ಹುಟ್ಟಿತು. ಗ್ರೀಕ್ ಲೇಖಕ ಪ್ಲುಟಾರ್ಕನ ಹೆಸರಿಗೆ ಅಂಟಿಕೊಂಡಿದ್ದರೂ ಅವನದಲ್ಲದ ಗ್ರೀಕ್ ಗ್ರಂಥವೊಂದು ನಮ್ಮ ಸಿಂಧೂ ನದಿಗೆ ಮೊದಲು ಮೌಸೋಲಸ್ ಎಂಬ ಹೆಸರಿತ್ತೆಂದೂ, ಅದು ಸೂರ್ಯಪುತ್ರನೊಬ್ಬನಿಂದ ಬಂದಿತೆಂದೂ ಹೇಳುತ್ತದೆ. ಅದು ಕಟ್ಟುಕಥೆಯೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು: ಸಿಂಧುವಿನ ಸಂಗತಿಯನ್ನು ನಾನು ನಿರೀಕ್ಷಿಸಿರಲಿಲ್ಲ. ಧನ್ಯವಾದ.