ಕಾಡುಹಕ್ಕಿ ಜೆನೆಟಿಕ್ಸ್‌ನಲ್ಲಿ ಪಿಎಚ್‌ಡಿ: ರಕ್ತವಾ, ಗರಿಯಾ? ಅನುಭವ ಇದ್ದವರು ಹೇಳಿ

ಹೊಸರೆಕ್ಕೆ:
ಪಿಎಚ್‌ಡಿ ಈಗಷ್ಟೇ ಶುರು. ಬೇರೆ ಬೇರೆ ಬೆಟ್ಟಗಳ ಮೇಲಿರುವ ಒಂದು ಪುಟ್ಟ ಹಾಡುಹಕ್ಕಿಯ ಗುಂಪುಗಳ ನಡುವೆ ಜೀನ್ ಹರಿವು, ಅಂದರೆ ಹಕ್ಕಿಗಳು ಆಚೀಚೆ ಹೋಗಿ ಕೂಡಿ ಜೀನ್ ಬೆರೆಯುವುದು, ಇದೆಯಾ ಅಂತ ನೋಡಬೇಕು. ರಕ್ತ ತೆಗೆಯಲಾ, ಗರಿ ಸಾಕಾ? ಮೈಕ್ರೊಸ್ಯಾಟಲೈಟಾ (ಪುಟ್ಟ ತುಣುಕು ಮತ್ತೆ ಮತ್ತೆ ಬರುವ ಕೆಲವೇ ಡಿಎನ್‌ಎ ಜಾಗ ನೋಡುವುದು), ಪೂರ್ತಿ ಜೀನೋಮಾ (ಇಡೀ ಡಿಎನ್‌ಎ ಓದಿಸುವುದು)?

ಬಲೆಗಾತಿ:
ರಕ್ತ. ಎರಡು ಮಾತಿಲ್ಲ. ಹಕ್ಕಿಯ ಕೆಂಪು ರಕ್ತಕಣದಲ್ಲೂ ನ್ಯೂಕ್ಲಿಯಸ್, ಅದರಲ್ಲಿ ಡಿಎನ್‌ಎ ಇರುವಾಗ ಒಂದು ಹನಿ ಸಾಕು ಅಂತ ಎಲ್ಲರಿಗೂ ಗೊತ್ತು. ಆದರೂ ನನ್ನ ಗೈಡ್ “ಹಕ್ಕಿಗೆ ತೊಂದರೆ ಬೇಡ” ಅಂತ ಬಿದ್ದ ಗರಿ ಆರಿಸಲು ಹಚ್ಚಿದರು. ಮಳೆಯಲ್ಲಿ ನೆನೆದ ಗರಿ, ಬಿಸಿಲಿಗೆ ಬಿಳಿಚಿದ ಗರಿ. ಬುಡ ಕತ್ತರಿಸಿ, ಗರಿ ಕರಗಲು ಡಿಟಿಟಿ ಹಾಕಿ, ರಾತ್ರಿಯಿಡೀ ಪ್ರೋಟೀನ್ ಒಡೆಯುವ ಪ್ರೋಟೀನೇಸ್ ಕೆ ಜೊತೆ ಬಿಸಿಯಲ್ಲಿಟ್ಟು ಬೆಳಿಗ್ಗೆ ಡಿಎನ್‌ಎ ಅಳೆಯುವ ಕ್ಯೂಬಿಟ್‌ನಲ್ಲಿ ನೋಡಿದರೆ “ಟೂ ಲೋ”. ಕಿಟ್ ಮೇಲೆ ಕಿಟ್ ಖಾಲಿ. ಸಿಕ್ಕಿದ ಅಷ್ಟಿಷ್ಟರಲ್ಲೂ ಅಲ್ಲೀಲ್ ಡ್ರಾಪೌಟ್! ಎರಡು ಅಲ್ಲೀಲ್ (ಒಂದೇ ಜಾಗದ ಬೇರೆ ಬೇರೆ ರೂಪ, ಅಪ್ಪನದೊಂದು ಅಮ್ಮನದೊಂದು) ಇರುವ ಹಕ್ಕಿ ಒಂದನ್ನೇ ತೋರಿಸುತ್ತದೆ. ಇಡೀ ಗುಂಪೇ ನೆಂಟರೊಳಗೇ ಕೂಡಿದ ಒಳಸಂತಾನದ್ದು ಅನ್ನಿಸುತ್ತದೆ. ಖಾತ್ರಿ ಮಾಡಿಕೊಳ್ಳಲು ಪ್ರತಿ ಸ್ಯಾಂಪಲ್‌ಗೂ ಮತ್ತೆ ಮತ್ತೆ ಪಿಸಿಆರ್ (ಡಿಎನ್‌ಎ ನಕಲು ಹೆಚ್ಚಿಸುವ ಕೆಲಸ). ಫೆಲೋಶಿಪ್ ಮುಗಿಯಿತು, ಪಿಸಿಆರ್ ಮುಗಿಯಲಿಲ್ಲ.

ಗರಿಗುಡ್ಡೆ:
ಮೇಡಂ, ಗರಿಯನ್ನು ಸುಮ್ನೆ ಬೈಯಬೇಡಿ. ನನ್ನದು ಹದ್ದು. ಎತ್ತರದ ಮರದಲ್ಲಿ ಗೂಡು. ಹಕ್ಕಿ ಹಿಡಿಯುವ ನಿಮ್ಮ ಮಿಸ್ಟ್ ನೆಟ್ ಬಲೆ ಅಲ್ಲಿಗೆ ಮುಟ್ಟುತ್ತದಾ? ಕತ್ತರಿಸಬೇಕಾದದ್ದು ಗರಿಯ ತುದಿಬುಡವನ್ನಲ್ಲ. ಸ್ವಲ್ಪ ಮೇಲೆ, ದಂಟಿನ ಟೊಳ್ಳು ಭಾಗ ಮುಗಿದು ಎಳೆಗಳು ಶುರುವಾಗುವ ಕಡೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದು ಒಣಗಿದ ರಕ್ತ. ಅದನ್ನು ಸೀಳಿ ತೆಗೆದರೆ ದೊಡ್ಡ ಗರಿಯಲ್ಲಿ ಒಳ್ಳೆ ಡಿಎನ್‌ಎ ಬರುತ್ತದೆ. ನನ್ನ ಇಡೀ ಥೀಸಿಸ್ ಆ ಚುಕ್ಕೆಯ ಮೇಲೆ ನಿಂತಿದೆ.

ಬಲೆಗಾತಿ:
ಹದ್ದಿನ ಗರಿಗೂ ಪುಟ್ಟ ಹಾಡುಹಕ್ಕಿಯ ಗರಿಗೂ ಹೋಲಿಕೆನಾ? ಅದರಲ್ಲಿ ಚುಕ್ಕೆ ಹುಡುಕಲು ಭೂತಗನ್ನಡಿ ಬೇಕು.

ಗರಿಗುಡ್ಡೆ:
ರಕ್ತದಿಂದ ಮೈಟೋಕಾಂಡ್ರಿಯದ ಸೈಟೋಕ್ರೋಮ್ ಬಿ ಜೀನ್ ಓದಿಸಿದ್ದೀರಾ? ಹಕ್ಕಿರಕ್ತದಲ್ಲಿ ನ್ಯೂಕ್ಲಿಯಸ್ ಡಿಎನ್‌ಎ ಜಾಸ್ತಿ. ಅದರೊಳಗೆ ಕೂತಿರುವ ಮೈಟೋಕಾಂಡ್ರಿಯದ ಜೀನ್‌ಗಳ ಹಳೇ ನಕಲುಗಳೇ ಎಷ್ಟೋ ಸಲ ಮೊದಲು ಬರುತ್ತವೆ. ಜೀನಿನ ನಡುವೆಯೇ ‘ಇಲ್ಲಿ ನಿಲ್ಲು’ ಅನ್ನುವ ಸ್ಟಾಪ್ ಕೋಡಾನ್ (ಕೆಲಸ ಮಾಡದ ನಕಲಿನ ಗುರುತು) ಕಂಡಾಗ ನನ್ನ ನೆನಪಾಗಲಿ.

ಜೀನೋಮ್‌ಗಿರಾಕಿ:
ಇಬ್ಬರೂ ಹಳೇ ಜಗಳದಲ್ಲೇ ಇದ್ದೀರಿ. ಕಡಿಮೆ ಕವರೇಜಿನಲ್ಲಿ (ಪ್ರತಿ ಜಾಗವನ್ನು ಕೆಲವೇ ಸಲ ಓದಿಸಿ) ಪೂರ್ತಿ ಜೀನೋಮ್ ಮಾಡಿಸಿ. ಹಕ್ಕಿಯ ಜೀನೋಮ್ ಸುಮಾರು 100 ಕೋಟಿ ಬೇಸ್‌ಗಿಂತ (ಡಿಎನ್‌ಎ ಅಕ್ಷರ) ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಎಲ್ಲ ಸ್ಯಾಂಪಲ್ ಒಟ್ಟಿಗೇ ಕಳಿಸಿ. ನಮ್ಮಲ್ಲಿ ದುಡ್ಡು ಕಂತಿನಲ್ಲಿ ಬಂತು. ಒಂದು ಬೆಟ್ಟದವು ಡಿಎನ್‌ಎ ಓದುವ ಹಳೇ ಯಂತ್ರಕ್ಕೆ, ಇನ್ನೊಂದರವು ಎರಡೇ ಬಣ್ಣದ ಬೆಳಕಿನಿಂದ ಅಕ್ಷರ ಗುರುತಿಸುವ ಹೊಸ ಯಂತ್ರಕ್ಕೆ. ಪಿಸಿಎಯಲ್ಲಿ (ಹೋಲುವ ಸ್ಯಾಂಪಲ್‌ಗಳನ್ನು ಹತ್ತಿರ ಇಡುವ ಚಿತ್ರ) ಎರಡು ಗುಂಪು ಎಷ್ಟು ಚೆನ್ನಾಗಿ ಬೇರೆಯಾದವು ಅಂದರೆ ಗೈಡ್ “ಹೊಸ ಪ್ರಭೇದ” ಅಂತ ಕುಣಿದರು. ರೀಡ್‌ಗಳ (ಯಂತ್ರ ಓದಿದ ತುಣುಕುಗಳ) ಬಾಲ ನೋಡಿದರೆ ಬರೀ ಜಿಜಿಜಿಜಿ. ಆ ಯಂತ್ರ ಬೆಳಕು ಕಾಣದಿದ್ದರೆ ಜಿ ಅಂತ ಓದುತ್ತದೆ. ಬೆಟ್ಟದ ವ್ಯತ್ಯಾಸ ಎಷ್ಟು, ಯಂತ್ರದ್ದು ಎಷ್ಟು ಅಂತ ಬಿಡಿಸಲಾಗದೆ ಅರ್ಧ ಸ್ಯಾಂಪಲ್ ಮತ್ತೆ ಓದಿಸಿದೆವು. ಗ್ರಾಂಟಿನ ಸಿಂಹಪಾಲು ಅಲ್ಲಿಗೇ ಹೋಯಿತು.

ಮೈಕ್ರೊಮಾವ:
ಅದಕ್ಕೇ ಹೇಳುವುದು. ನಾನು ಮೈಕ್ರೊಸ್ಯಾಟಲೈಟ್ ಹಿಡಿದು ಥೀಸಿಸ್ ಮುಗಿಸಿದೆ. ಕೆಲಸವೂ ಸಿಕ್ಕಿತು. ಮರಿಯ ಅಪ್ಪ ಯಾರು ಅಂತ ತಿಳಿಯಲು ಈಗಲೂ ಅದು ಸಾಕು.

ಜೀನೋಮ್‌ಗಿರಾಕಿ:
ಕೇಳಿದ್ದು ಅಪ್ಪ ಯಾರು ಅಂತಲ್ಲ, ಜೀನ್ ಹರಿವಿನ ಬಗ್ಗೆ.

ಮೈಕ್ರೊಮಾವ:
ಜೀನೋಮ್ ಇದ್ದರೆ ಸಾಕಾ ಸ್ವಾಮಿ? ಎರಡು ತುದಿಯಲ್ಲಿ ಮಾತ್ರ ಬಲೆ ಹಾಕಿ ನಡುವೆ ಬಿಟ್ಟರೆ, ದೂರ ಹೋದಂತೆ ನಿಧಾನವಾಗಿ ಬದಲಾಗುವ ಹಕ್ಕಿಯೂ ಎರಡು ಗುಂಪಾಗಿಯೇ ಕಾಣುತ್ತದೆ. ಹೋದ ವರ್ಷ ಅಂಥದ್ದೇ ಒಂದು ಪೇಪರ್ ರಿವ್ಯೂಗೆ ಬಂದಿತ್ತು. ಕಣಿವೆಯ ಸ್ಯಾಂಪಲ್ ಎಲ್ಲಿ ಅಂತ ಕೇಳಿ ವಾಪಸ್ ಕಳಿಸಿದೆ.

ಜೀನೋಮ್‌ಗಿರಾಕಿ:
ಓಹೋ. ಆ ಎರಡನೇ ರಿವ್ಯೂವರ್ ನೀವೇನಾ? ಕಣಿವೆಯಲ್ಲಿ ಆ ಹಕ್ಕಿಯೇ ಇಲ್ಲ!

ಮೈಕ್ರೊಮಾವ:
ಇಲ್ಲ ಅಂತ ಪೇಪರಿನಲ್ಲಿ ಬರೆದಿರಲಿಲ್ಲವಲ್ಲ.

ಜೀನೋಮ್‌ಗಿರಾಕಿ:
ಪೂರಕ ಕಡತ, ಪಟ್ಟಿ ಎಸ್7. ತೆರೆದಿದ್ದರೆ ತಾನೇ ಕಾಣುವುದು.