ಗುಂಪಿನಲ್ಲಿ ಇಪ್ಪತ್ತು ಹೆಸರು, ಮೈದಾನದಲ್ಲಿ ಎಂಟು ಜನ: ಮಹಿಳಾ ತಂಡ ನಡೆಸುವುದು ಹೇಗೆ?

ಮ್ಯಾನೇಜರ್:
ನಮ್ಮದು ಹವ್ಯಾಸಿ ಮಹಿಳಾ ಫುಟ್‌ಬಾಲ್ ತಂಡ. ಕಾಲೇಜಿನವರು, ನೌಕರಿಯವರು, ಪುಟ್ಟ ಮಕ್ಕಳ ತಾಯಂದಿರು ಎಲ್ಲರೂ ಇದ್ದಾರೆ. ಪಂದ್ಯದ ಸುದ್ದಿ ಹಾಕಿದ ಕೂಡಲೇ ವಾಟ್ಸ್‌ಆ್ಯಪ್ ತುಂಬ ಹೆಬ್ಬೆರಳುಗಳು. ಪಂದ್ಯದ ಬೆಳಿಗ್ಗೆ ಒಬ್ಬೊಬ್ಬರದು ಒಂದೊಂದು ನೆಪ. ಹಣ ವಸೂಲಿ, ಮೈದಾನದ ಬುಕಿಂಗ್, ಕೊನೆಗೆ ಜೆರ್ಸಿ ಒಗೆಯುವುದೂ ನನ್ನ ಪಾಲಿಗೆ. ಅಭ್ಯಾಸಕ್ಕೆ ತಪ್ಪದೆ ಬರುವವರಿಗೆ ಬೇರೆಯೇ ಸಿಟ್ಟು: ಎಂದೋ ಒಮ್ಮೆ ಬರುವ ನಮ್ಮ ಸ್ಟ್ರೈಕರ್ ನೇರವಾಗಿ ಮೊದಲ ಹನ್ನೊಂದರಲ್ಲಿ ನಿಲ್ಲುತ್ತಾಳೆ. ಹಾಜರಾತಿ ಕಡ್ಡಾಯ ಮಾಡಿ ದಂಡ ಹಾಕಲೇ?

ಹಳೆಯ ಗೋಲ್‌ಕೀಪರ್:
ದಂಡ ಬೇಡ. ಕಟ್ಟಿದವಳು ಲೆಕ್ಕ ಚುಕ್ತಾ ಆಯಿತೆಂದುಕೊಳ್ಳುತ್ತಾಳೆ, ಕಟ್ಟದವಳು ತಂಡವನ್ನೇ ಬಿಡುತ್ತಾಳೆ.

ಮೊದಲು ನಿಯಮ ಪುಸ್ತಕ ತೆರೆಯಿರಿ. ಏಳಕ್ಕಿಂತ ಕಡಿಮೆ ಜನರಿದ್ದರೆ ಪಂದ್ಯ ಶುರುವಾಗುವುದೂ ಇಲ್ಲ, ಮುಂದುವರಿಯುವುದೂ ಇಲ್ಲ. ಎಂಟು ಜನರೊಂದಿಗೆ ಇಳಿದರೆ ಇಬ್ಬರು ಕುಂಟಿದ ಕ್ಷಣಕ್ಕೆ ಆಟ ಮುಗಿಯಿತು. ಅದೇ 3ನೇ ನಿಯಮದಲ್ಲಿ ಹೆಚ್ಚಿನವರು ಓದದೇ ಬಿಡುವ ಇನ್ನೊಂದು ಮಾತಿದೆ: ತಳಮಟ್ಟದ ಫುಟ್‌ಬಾಲ್‌ನಲ್ಲಿ, ರಾಷ್ಟ್ರೀಯ ಸಂಸ್ಥೆ ಒಪ್ಪಿದ್ದರೆ, ಹೊರಗೆ ಬಂದವಳು ಮತ್ತೆ ಒಳಗೆ ಹೋಗಬಹುದು. ನಿಮ್ಮ ಲೀಗ್‌ನವರನ್ನು ಕೇಳಿ. ಅವಕಾಶವಿದ್ದರೆ 90 ನಿಮಿಷ ಓಡಲಾರೆನೆಂದು ಹಿಂಜರಿಯುವವಳಿಗೆ "20 ನಿಮಿಷ ಆಡು, ದಣಿವಾರಿಸಿಕೊಂಡು ಮತ್ತೆ ಇಳಿ" ಎನ್ನಬಹುದು. ನಮ್ಮಲ್ಲಿ ನೆಪ ಹೇಳುತ್ತಿದ್ದ ಅನೇಕರು ನಿಜದಲ್ಲಿ ಅಂಜಿದ್ದದ್ದು ದಮ್ಮು ಸಾಲದೆ ನಗೆಪಾಟಲಾಗುತ್ತೇವೆಂದು.

ಹೆಬ್ಬೆರಳನ್ನು ಉತ್ತರವೆಂದು ಎಣಿಸಬೇಡಿ. ಬರುತ್ತೇನೆ, ಇಲ್ಲವೇ ಬರುವುದಿಲ್ಲ ಎಂದು ಎರಡು ದಿನ ಮೊದಲೇ ಬರೆಯಲಿ. ಜೆರ್ಸಿಯಂತೂ ಇಂದಿನಿಂದಲೇ ಅವರವರದು ಅವರವರ ಮನೆಗೆ.

ಫಿಸಿಯೋಥೆರಪಿಸ್ಟ್, ಲೆಫ್ಟ್ ಬ್ಯಾಕ್ ಕೂಡ:
ತಂಡ ತೆಳ್ಳಗಾಗಲು ಮೊಣಕಾಲೂ ಕಾರಣ. ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿಯುವುದು ಪುರುಷ ಆಟಗಾರರಿಗಿಂತ ಮಹಿಳೆಯರಲ್ಲಿ ಹೆಚ್ಚು. ಹರಿದರೆ ತಿಂಗಳುಗಟ್ಟಲೆ ಆಟವಿಲ್ಲ. ಫಿಫಾ 11+ ಎಂಬ ವಾರ್ಮ್‌ಅಪ್ ಕ್ರಮಕ್ಕೆ ಸುಮಾರು 20 ನಿಮಿಷ ಸಾಕು. ಓಟ, ಬಲ, ಸಮತೋಲನ, ನೆಗೆದ ಮೇಲೆ ಸರಿಯಾಗಿ ನೆಲಕ್ಕಿಳಿಯುವುದು ಎಲ್ಲವೂ ಅದರಲ್ಲಿದೆ. ವಾರಕ್ಕೆ ಎರಡು ಬಾರಿಯಾದರೂ ಮಾಡಿಸಿ. ಪಂದ್ಯಕ್ಕೆ ಮೊದಲು ಓಟದ ಭಾಗಗಳಷ್ಟೇ ಸಾಕು.

ಮ್ಯಾನೇಜರ್:
ಅರ್ಧ ಜನ ಬರುವುದೇ ವಾರ್ಮ್‌ಅಪ್ ಮುಗಿದ ಮೇಲೆ! ಸ್ಟ್ರೈಕರ್ ವಿಷಯಕ್ಕಂತೂ ಯಾರೂ ಕೈ ಹಾಕಲಿಲ್ಲ.

ಹಳೆಯ ಗೋಲ್‌ಕೀಪರ್:
ಎರಡಕ್ಕೂ ಮದ್ದು ಒಂದೇ. ವಾರ್ಮ್‌ಅಪ್‌ಗೆ ಬಾರದವಳು ಬೆಂಚಿನಲ್ಲಿ ಕೂರಬೇಕು, ಎಷ್ಟೇ ಗೋಲು ಹೊಡೆದಿರಲಿ. ಮೊಣಕಾಲಿನ ಕಾರಣವನ್ನು ಮುಂದಿಟ್ಟರೆ ವಾದಕ್ಕೆ ಎಡೆ ಕಡಿಮೆ. ನಾಯಕಿಯಿಂದಲೇ ಹೇಳಿಸಿ, ನೀವು ಬಾಯಿ ತೆರೆದರೆ ಹಣ ಕೇಳಲು ಬಂದಿರೆಂದು ಎಲ್ಲರೂ ಮುಖ ತಿರುಗಿಸುತ್ತಾರೆ. ಒಂದೆರಡು ಪಂದ್ಯ ಸೋಲಬಹುದು. ಸೋಲಿ.

ಮ್ಯಾನೇಜರ್:
ನಾಯಕಿ ಆ ಸ್ಟ್ರೈಕರ್‌ನ ಸ್ವಂತ ತಂಗಿ! ನಮ್ಮ ಗೋಲ್‌ಕೀಪರ್‌ನಿಂದ ಹೇಳಿಸುತ್ತೇನೆ, ಅವಳಿಗೆ ಎದುರಾಡುವವರಿಲ್ಲ.