‘ಪ್ರವಾಸಿ’, ‘ರಾಜತಾಂತ್ರಿಕ ರಕ್ಷಣೆ’, ‘ತೆರವು’: ಸರಿಯಾದ ಪದ ಯಾವುದು?

ಹೊರದೇಶದಲ್ಲಿ ಗಲಭೆ ಎದ್ದರೆ ಅಲ್ಲಿರುವ ನಮ್ಮವರು ಏನು ಮಾಡಬೇಕು ಎಂದು ತಿಳಿಸುವ ಕರಪತ್ರವೊಂದನ್ನು ತಿದ್ದಲು ಕೊಟ್ಟಿದ್ದಾರೆ. ಮಲಯಾಳದಿಂದ ಕನ್ನಡಕ್ಕೆ ಬಂದದ್ದು. ಕಾಸರಗೋಡಿನ ಕನ್ನಡ ನಾಡಾದ ಕುಂಬಳೆ, ಮಂಜೇಶ್ವರದ ಮನೆಗಳಿಗೆ ಹೋಗಬೇಕಾದದ್ದು. ಮೊದಲ ಸಾಲೇ ‘ಪ್ರವಾಸಿಗಳ ನಯತಂತ್ರ ಸಂರಕ್ಷಣೆ’.

ಮಲಯಾಳದ ಪ್ರವಾಸಿ ಹೊರದೇಶದಲ್ಲಿ ನೆಲೆಸಿ ದುಡಿಯುವವನು, ಕನ್ನಡದ ಪ್ರವಾಸಿ ಊರು ನೋಡಲು ಹೊರಟವನು. ಮಗ ಇಪ್ಪತ್ತು ವರ್ಷದಿಂದ ಗಲ್ಫಿನಲ್ಲಿರುವ ತಾಯಿ ಇದನ್ನು ಓದಿದರೆ, ನಮಗೆ ಸಂಬಂಧಿಸಿದ್ದಲ್ಲವೆಂದು ಮಡಚಿಡುತ್ತಾಳೆ. ‘ಪರದೇಶಿ’ ಎನ್ನುವಂತೆಯೂ ಇಲ್ಲ, ನಮ್ಮಲ್ಲಿ ಅವನು ದಿಕ್ಕಿಲ್ಲದವನು. ಸದ್ಯ ‘ವಿದೇಶದಲ್ಲಿ ದುಡಿಯುವವರು’ ಎಂದು ಬಿಡಿಸಿ ಬರೆದಿದ್ದೇನೆ.

ನಯತಂತ್ರಕ್ಕೆ ‘ರಾಜತಾಂತ್ರಿಕ’ ಇದೆ. ನಿಜವಾದ ತೊಡಕು ‘ರಕ್ಷಣೆ’ಯದು. ಅಂತರರಾಷ್ಟ್ರೀಯ ಕಾನೂನಿನಲ್ಲಿ ರಾಜತಾಂತ್ರಿಕ ರಕ್ಷಣೆ ಎಂದರೆ ಆಶ್ರಯ ಕೊಡುವುದಲ್ಲ. ತನ್ನ ಪ್ರಜೆಗೆ ಇನ್ನೊಂದು ದೇಶ ಕಾನೂನುಬಾಹಿರವಾಗಿ ಅನ್ಯಾಯ ಮಾಡಿದಾಗ, ಅವನ ಸರ್ಕಾರ ಆ ದೂರನ್ನು ತನ್ನದೇ ಎಂದು ಎತ್ತಿಕೊಂಡು ಆ ದೇಶವನ್ನು ಹೊಣೆ ಮಾಡುವುದು. ಅದಕ್ಕೂ ಮೊದಲು, ಸಾಮಾನ್ಯವಾಗಿ, ಅಲ್ಲಿನ ನ್ಯಾಯಾಲಯಗಳ ಬಾಗಿಲು ತಟ್ಟಿ ಮುಗಿದಿರಬೇಕು. ಪಾಸ್‌ಪೋರ್ಟ್ ಕಳೆದವನಿಗೆ ತುರ್ತು ಪ್ರಯಾಣಪತ್ರ ಕೊಡುವುದು, ಸೆರೆಯಲ್ಲಿರುವವನನ್ನು ಕಂಡು ಮಾತಾಡಿಸುವುದು ಬೇರೆಯೇ ಕೆಲಸ. ಅದು 1963ರ ವಿಯೆನ್ನಾ ಒಪ್ಪಂದದಲ್ಲಿ ಬರುವ ಕಾನ್ಸುಲರ್ ನೆರವು, ಎಂದರೆ ಅಲ್ಲಿರುವ ನಮ್ಮ ದೂತಾವಾಸ ತನ್ನ ಪ್ರಜೆಗಳಿಗೆ ಕೊಡುವ ಸಹಾಯ. ಗುಂಡಿನ ಸದ್ದು ಕೇಳುತ್ತಿರುವಾಗ ಕೈಗೆ ಸಿಗಬೇಕಾದದ್ದು ಈ ನೆರವು. ಎರಡಕ್ಕೂ ‘ರಕ್ಷಣೆ’ ಎಂದು ಬರೆದು ಕೂತರೆ, ಯಾವ ಬಾಗಿಲಿಗೆ ಹೋಗಬೇಕೆಂದು ಓದುವವರಿಗೆ ತಿಳಿಯುವುದಾದರೂ ಹೇಗೆ?

ಮೊದಲನೆಯದಕ್ಕೆ ನನಗೆ ತೋಚಿದ್ದು ‘ರಾಜತಾಂತ್ರಿಕ ವಕಾಲತ್ತು’. ಕೋರ್ಟಿನ ಮೆಟ್ಟಿಲು ಹತ್ತಿದ ಯಾರಿಗೂ ವಕಾಲತ್ತು ಹೊಸದಲ್ಲ. ಇನ್ನೊಬ್ಬನ ಪರವಾಗಿ ನಿಂತು ವಾದಿಸುವ ಅರ್ಥ ಅದರಲ್ಲಿದೆ. ಆದರೆ ವಕೀಲನಿಗೆ ವಕಾಲತ್ತು ಕೊಡುವವನು ಕಕ್ಷಿಗಾರ. ಇಲ್ಲಿ ಎತ್ತಿಕೊಳ್ಳುವುದೂ ಬಿಡುವುದೂ ಸರ್ಕಾರದ ವಿವೇಚನೆ. ಆ ವ್ಯತ್ಯಾಸ ಪದವನ್ನು ಕೆಡಿಸುತ್ತದೆಯೇ?

ಇನ್ನು ‘ತೆರವು’. ‘ಭಾರತೀಯರ ತೆರವು’ ಎಂಬ ಶೀರ್ಷಿಕೆ ಕಂಡಾಗಲೆಲ್ಲ ಮನಸ್ಸು ಮುದುಡುತ್ತದೆ. ತೆರವು ಮಾಡುವುದು ಅಕ್ರಮ ಕಟ್ಟಡವನ್ನು, ಮನುಷ್ಯರನ್ನಲ್ಲ. ‘ಕರೆತರುವುದು’ ಹಿತವಾಗಿದೆ, ಆದರೆ ಎಲ್ಲ ಕಡೆ ಹೊಂದುವುದಿಲ್ಲ. 2023ರಲ್ಲಿ ಸುಡಾನಿನಿಂದ ನಮ್ಮವರನ್ನು ಮೊದಲು ಕೆಂಪು ಸಮುದ್ರದಾಚೆ ಜೆಡ್ಡಾಕ್ಕೆ ಮುಟ್ಟಿಸಿದರು, ಊರಿನ ವಿಮಾನ ಆಮೇಲೆ. ಆ ಮೊದಲ ಹಂತಕ್ಕೆ ‘ಪಾರುಗಾಣಿಸುವುದು’ ಎನ್ನಬಹುದೇ? ಕರಪತ್ರ ಅಚ್ಚಿಗೆ ಹೋಗುವ ಮುನ್ನ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.